ಹೊರಗೇ ಕೂತು ತಾಮ್ರದ ಮೇಲೆ ಗೀಚಿದ್ದು

ಸ್ಕೆಚ್ ಇಲ್ಲದೆ, ಬಯಲಲ್ಲಿ ಕೂತು, ನೇರ ಪ್ಲೇಟ್ ಮೇಲೆ ಎಚಿಂಗ್ ಮಾಡ್ತೀನಿ ಅಂದಾಗ ಸ್ಟುಡಿಯೋದಲ್ಲಿ ಎಲ್ಲರೂ ನಕ್ಕಿದ್ದರು. ಎಚಿಂಗ್ ಅಂದರೆ ತಾಮ್ರದ ತಗಡಿಗೆ ಗ್ರೌಂಡ್ ಎಂಬ ಮೇಣದಂಥ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಗೀಚಿದಲ್ಲಿ ದ್ರಾವಣದಿಂದ ಕೊರೆಸಿ, ಇಂಕ್ ತುಂಬಿ ಅಚ್ಚು ತೆಗೆಯುವುದು. ತಾಮ್ರದ ರೇಟು ಅವರಿಗೂ ಗೊತ್ತಲ್ವಾ? ಈಗ ಅವರಲ್ಲೇ ಇಬ್ಬರು ನನ್ನ ಪ್ರಿಂಟ್ ಕೊಂಡಿದ್ದಾರೆ.

ದಾರಿ ತೋರಿಸಿದ್ದು ಮೇರಿ ನಿಮ್ಮೊ ಮೊರಾನ್. 1842ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಗಂಡ ಥಾಮಸ್ ಮೊರಾನ್ ದೊಡ್ಡ ಚಿತ್ರಕಾರ. ಅವರು 1879ರಲ್ಲಿ ಪಶ್ಚಿಮದ ಬೆಟ್ಟಗಳ ಕಡೆ ಹೊರಟಾಗ ಗ್ರೌಂಡ್ ಹಚ್ಚಿದ ಕೆಲವು ಪ್ಲೇಟ್ ಕೊಟ್ಟುಹೋದರು. ಮೇರಿ ಅವನ್ನು ಪೆನ್ಸಿಲ್ವೇನಿಯಾದ ಈಸ್ಟನ್‌ ಊರಿನ ಬಯಲಿಗೇ ಒಯ್ದರು. ಎರಡೇ ವರ್ಷಕ್ಕೆ ಎಚಿಂಗ್ ಕಲಾವಿದರ ಸಂಘವಾದ ಲಂಡನ್ನಿನ ಪೇಂಟರ್-ಎಚರ್ಸ್ ಸೊಸೈಟಿಯ ಮೊದಲ 65 ಫೆಲೋಗಳ ಪೈಕಿ ಇವರೊಬ್ಬರೇ ಹೆಂಗಸು. ಸಹಿ ಬರೀ ‘ಎಂ. ಎನ್. ಮೊರಾನ್’. ಗಂಡಸೆಂದೇ ತಿಳಿದು ಆರಿಸಿದ್ದರಂತೆ!

ನಾನಿರುವುದು ನ್ಯೂಜೆರ್ಸಿಯಲ್ಲಿ. ಮೇರಿ 1881ರಲ್ಲಿ ಗೀಚಿದ, ನ್ಯೂಯಾರ್ಕ್ ರಾಜ್ಯದ ಕಡಲ ತೀರದ ಈಸ್ಟ್ ಹ್ಯಾಂಪ್ಟನ್‌ನ ಗೂಸ್ ಪಾಂಡ್ ಎಂಬ ಕೊಳಕ್ಕೇ ಹೋಗಿ ಕೂತೆ. ಎದುರಿಗೇ ಅವರ ಮನೆ.

ಬೇಸಿಗೆಯಲ್ಲಿ ಗ್ರೌಂಡ್ ಕಾರಿನಲ್ಲೇ ಮೆತ್ತಗಾಗುತ್ತಿತ್ತು. ಚಳಿ ಶುರುವಾದರೆ ಸೂಜಿ ತಾಗಿದಲ್ಲಿ ಚಕ್ಕೆ ಏಳುತ್ತಿತ್ತು. ಜೊತೆಗೆ ಕಡಲ ಗಾಳಿಯ ಮರಳು. ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್ ದ್ರಾವಣದಿಂದ ಪ್ಲೇಟ್ ತೆಗೆದರೆ ಆಕಾಶದ ತುಂಬ ಸಿಡುಬಿನ ಕಲೆ. ಪ್ಲೇಟಿಗೆ ಮೂವತ್ತು ಡಾಲರ್ ಚಿಲ್ಲರೆ. ಮೊದಲ ವರ್ಷ ಹತ್ತಿರ ಹತ್ತಿರ ಐನೂರು ನೀರುಪಾಲು. ಸತುವಿನ ಪ್ಲೇಟ್ ಅಗ್ಗ ಅಂತ ಅದನ್ನೂ ನೋಡಿದೆ. ಗೆರೆ ಒರಟು, ಮನಸ್ಸಿಗೆ ಬರಲಿಲ್ಲ.

ಕೊನೆಗೆ ಗ್ರೌಂಡಿಗೆ ಒಂದು ಸಾಮಾನು ಸೇರಿಸಿದೆ. ಏನು, ಎಷ್ಟು ಅಂತ ಕೇಳಬೇಡಿ, ಹೇಳಲ್ಲ. ಗೆರೆಗಳನ್ನು ಮೇರಿಯವರ ಹಾಗೆ ದಪ್ಪಗೆ, ದೂರ ದೂರ ಬಿಟ್ಟೆ. ದೂರದ ಮರಗಳು ತಿಳಿಯಾಗಿರಲಿ ಅಂತ, ಹತ್ತು ನಿಮಿಷ ಕೊರೆದ ಮೇಲೆ ಅವನ್ನು ವಾರ್ನಿಶ್‌ನಿಂದ ಮುಚ್ಚಿದೆ. ದಡದ ಜೊಂಡು ಗಾಢವಾಗಲು ದ್ರಾವಣದಲ್ಲಿ ಮುಕ್ಕಾಲು ಗಂಟೆ. ನೆರಳಿಗೆ ರೂಲೆಟ್ ಎಂಬ ಹಲ್ಲಿರುವ ಪುಟ್ಟ ಚಕ್ರ, ಅವರೂ ಅದನ್ನು ಧಾರಾಳವಾಗಿ ಬಳಸಿದವರು. ಅಚ್ಚು ತೆಗೆಯುವ ಮುನ್ನ ಪ್ಲೇಟಿನ ಇಂಕ್ ಒರೆಸುವಾಗ ಕೊಳದ ನೀರಿನ ಭಾಗದ ಮೇಲೆ ಒಂದಿಷ್ಟು ಇಂಕ್ ಉಳಿಸಿದರೆ ಸಂಜೆ ತಾನೇ ಇಳಿಯುತ್ತದೆ.

ಊರಿಂದ ಅಮ್ಮ ಬಂದಾಗ ಅವಳ ಭಾವಚಿತ್ರವನ್ನೂ ಹೀಗೇ ನೇರ ಗೀಚಿದೆ. ‘ಇನ್ನೂ ಎಷ್ಟೊತ್ತು ಕೂರಿಸ್ತೀಯೋ?’ ಅಂತ ಗೊಣಗಿದಳು. ಮುಖ ಚೆನ್ನಾಗೇ ಬಂತು, ಆದರೆ ಅಚ್ಚಿನಲ್ಲಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುವುದರಿಂದ ಬಲಗಡೆಯ ಮೂಗುತಿ ಎಡಕ್ಕೆ ಹೋಗಿತ್ತು. ಕೊಳ ತಿರುವುಮುರುವಾದರೆ ಯಾರೂ ಕೇಳಲ್ಲ, ಮೂಗುತಿ ಹಾಗಲ್ಲ. ಕನ್ನಡಿ ಇಟ್ಟು ಅದರೊಳಗೆ ನೋಡಿಕೊಂಡೂ ಗೀಚಿದೆ. ಕತ್ತು ಹಿಡಿದುಕೊಂಡಿತು, ಅಮ್ಮನೂ ಎದ್ದು ಹೋದಳು.

ಕೊಳದ ಪ್ಲೇಟಿನಿಂದ ಇಪ್ಪತ್ತು ಪ್ರಿಂಟ್ ತೆಗೆದೆ. ನೂರು ಡಾಲರ್‌ನಂತೆ ಹದಿನಾಲ್ಕೋ ಹದಿನೈದೋ ಹೋಗಿವೆ. ತಾಮ್ರದ ಸಾಲ ತೀರಿ, ಹೊಸ ರೂಲೆಟ್‌ಗೂ ಕಾಸು ಮಿಕ್ಕಿತು.