ತರ್ಟಿ ಫಾರ್ಟಿ ಸೈಟಿನಾಗ ಗುಬ್ಬಿಗೂ ಒಂದು ಖೋಲಿ

ನಮ್ಮ ವಿಜಯಪುರದಾಗ ಮನಿ ಕಟ್ಟೋರು ಮೊದ್ಲ ಕೇಳೋದು ಬೋರ್ ಎಲ್ಲಿ ಹಾಕೋದು, ಗಾಡಿ ಎಲ್ಲಿ ನಿಲ್ಸೋದು ಅಂತ. ಗುಬ್ಬಿ ಚಿಟ್ಟಿ ಅಂತ ಬಾಯಿ ತಗದ್ರ ಅದೆಲ್ಲ ಬಂಗ್ಲೆ ಇದ್ದೋರ ಶೋಕಿ ಬಿಡ್ರಿ ಅಂದ್ಬಿಡ್ತಾರ. ಆದ್ರ ನಮ್ಮ ಆಯಿ ಮನಿ ಏನ್ ಬಂಗ್ಲೆ ಆಗಿತ್ತಾ, ಎರಡ ಅಂಕಣದ ಮಣ್ಣಿನ ಮಾಳಗಿ, ಜಂತಿ ಸಂದ್ಯಾಗ ಗುಬ್ಬಿ ಗೂಡು, ಆಯಿ ಪಡಸಾಲ್ಯಾಗ ಕುಂತು ಮೊರದಾಗ ಜ್ವಾಳ ಹಸನ ಮಾಡಾಕತ್ರ ಸಾಕು ಕಾಳಿನ ಸಪ್ಪಳಕ್ಕ ಇಡೀ ಹಿಂಡ ಅಂಗಳಕ್ಕ ಇಳೀತಿತ್ತು. ಈಗ ಆರ್‌ಸಿಸಿ ಮನ್ಯಾಗ ಬೆರಳು ತೂರೋ ಸಂದಿ ಇಲ್ಲ, ಜ್ವಾಳ ಹಿಟ್ಟಾಗೇ ಮನಿಗೆ ಬರ್ತೈತಿ.

ಅದಕ್ಕ ಹೇಳೋದು ಏನಂದ್ರ, ಗುಬ್ಬಿ ಚಿಟ್ಟಿಗೆ ಜಾಗ ಬಿಡೋದನ್ನೆಲ್ಲ ಗೃಹಪ್ರವೇಶ ಆದ ಮ್ಯಾಲ ಮಾಡ್ತೀನಿ ಅನಬ್ಯಾಡ್ರಿ, ಗ್ವಾಡಿ ಏರಸೋಕ್ಕಿಂತ ಮೊದ್ಲ ಗೌಂಡಿಗೆ ಹೇಳ್ರಿ.

ಗುಬ್ಬಿ ಗೂಡಿನಿಂದ ಶುರು ಮಾಡೋಣು. ಗ್ವಾಡಿ ಏರಸೋವಾಗ ಮೂಡಣ ಇಲ್ಲಾ ಬಡಗಣ ದಿಕ್ಕಿಗೆ, ನೆಲದಿಂದ 9-10 ಫೂಟ ಮ್ಯಾಲ, ಸಜ್ಜಾದ ನೆಳ್ಳ ಬೀಳೋ ಕಡೆ, ಒಳಗ 6 ಇಂಚು ಅಗಲ 6 ಇಂಚು ಆಳ ಇರೋ ಹಂಗ ಪೊಳ್ಳು ಬಿಡಸ್ರಿ, ಮುಂದ ಒಂದು ಹಲಗಿ ಸ್ಕ್ರೂ ಹೊಡದು ಮುಚ್ಚಿ ಅದಕ್ಕ ಒಂದೂಕಾಲು ಇಂಚಿನ ತೂತು, ಅಂದ್ರ 32 ಮಿಮೀ, ಅಷ್ಟ ಸಾಕು. ದೊಡ್ಡದು ಮಾಡಿದ್ರ ಮೈನಾ ಬಂದು ಕಬ್ಜಾ ಮಾಡ್ತಾವ. ತೂತಿನ ಮುಂದ ಕುಂಡ್ರಾಕ ಕಡ್ಡಿ ಹಚ್ಚಬ್ಯಾಡ್ರಿ, ಅದು ಗುಬ್ಬಿಗೆ ಬೇಕಾಗಿಲ್ಲ, ಕಾಗಿಗೆ ಉಪಯೋಗ ಆಗ್ತೈತಿ. ಒಳಗ ನುಣ್ಣಗ ಸಿಮೆಂಟ್ ತಿಕ್ಕಬ್ಯಾಡ ಅಂತ ಗೌಂಡಿಗೆ ಎರಡ ಸಲ ಹೇಳ್ರಿ, ಮರಿಗೆ ಉಗುರು ಹಿಡದು ಏರಿ ಬರಾಕ ಖರಬರಾ ಇರಬೇಕು. ಗುಬ್ಬಿ ಒಬ್ಬಂಟಿ ಇರೋ ಜಾತಿ ಅಲ್ಲ, ಮೂರ್ನಾಕು ಪೊಳ್ಳು ಸಾಲಾಗಿ ಬಿಟ್ರ ಚಲೋ. ನಾ ಮೊದ್ಲ ಪಡುವಣ ಗ್ವಾಡಿಗೆ ಬಿಡಿಸಿದ್ದೆ, ರಸ್ತೆ ಕಡೆ ಚಂದ ಕಾಣ್ತೈತಿ ಅಂತ. ವರ್ಷಗಟ್ಲೆ ಖಾಲಿ. ಒಂದಿನ ಏಪ್ರಿಲ್ನಾಗ ಇಳಿಹೊತ್ತಿಗೆ ನಿಚ್ಚಣಿಕಿ ಹಾಕಿ ಒಳಗ ಕೈ ಇಟ್ಟು ನೋಡಿದೆ, ರೊಟ್ಟಿ ಹಂಚು ಮುಟ್ಟಿದಂಗ ಆತು!

ಇಲ್ಲಿ ಬ್ಯಾಸಗ್ಯಾಗ 40 ಡಿಗ್ರಿ ದಾಟೋದು ಮಾಮೂಲಿ, ಹಿಂಗಾಗಿ ಪಡುವಣ ಗ್ವಾಡಿಗೆ ಕಿಡಕಿ ಸಣ್ಣು ಇರಲಿ, ಗ್ವಾಡಿಯಿಂದ ಒಂದ್ ಫೂಟ ಬಿಟ್ಟು ತಂತಿ ಎಳದು ಹೀರಿ ಬಳ್ಳಿ ಇಲ್ಲಾ ಮಧುಮಾಲತಿ ಹಬ್ಬಸ್ರಿ. ಹೀರಿ ಹೂವು ಸಂಜಿಗೆ ಅರಳ್ತೈತಿ, ಆಮ್ಯಾಲ ಪತಂಗ ಬರೋದು ನೋಡ್ರಿ. ಛತ್ತಿಗೆ ಬಿಳಿ ಸುಣ್ಣ ಹೊಡದ್ರ ಒಳಗ ಸ್ವಲ್ಪ ತಂಪು, ಖರ್ಚೂ ಭಾಳಿಲ್ಲ.

ಇನ್ನ ಗಿಡ. ಸಣ್ಣ ಸೈಟಿಗೆ ಬೇವು ಆಲ ಎಲ್ಲ ಆಗೂದಿಲ್ಲ, ಕರಿಬೇವು, ಲಿಂಬಿ, ದಾಸವಾಳ, ನುಗ್ಗಿ ಇಷ್ಟ ಹಚ್ಚ್ರಿ. ಲಿಂಬಿಗೆ ಹೆಸರಾದ ಇಂಡಿ ಇರೋ ಜಿಲ್ಲಾದವ್ರು ನಾವು, ಲಿಂಬಿ ಗಿಡಕ್ಕ ದೂರ ಹೋಗೋದೇನಿಲ್ಲ. ಕರಿಬೇವು, ಲಿಂಬಿ ಎಲಿ ಮ್ಯಾಲ ಹಕ್ಕಿ ಹಿಕ್ಕಿ ಬಿದ್ದಂಗ ಕರಿ ಬಿಳಿ ಕಲೆ ಕಾಣ್ತಾವ, ಹತ್ರ ಹೋಗಿ ನೋಡಿದ್ರ ಅದು ಹುಳ, ಮುಂದ ಹಸರ ಬಣ್ಣಕ್ಕ ತಿರಗಿ ಆಮ್ಯಾಲ ಚಿಟ್ಟಿ ಆಗ್ತೈತಿ. ನಮ್ಮ ಮನ್ಯಾಕಿ ಮೊದ್ಲ ಎಲ್ಲಾ ಕಿತ್ತು ಒಗೀತಿದ್ಲು, ಈಗ ಎರಡು ಕರಿಬೇವು ಹಚ್ಚೇವಿ, ಒಂದು ಒಗ್ಗರಣಿಗೆ ಒಂದು ಹುಳಕ್ಕ. ಔಷಧ ಮಾತ್ರ ಹೊಡೀಬ್ಯಾಡ್ರಿ, ಗುಬ್ಬಿ ದೊಡ್ಡದಾದ್ರ ಕಾಳು ತಿಂತೈತಿ ಖರೆ, ಆದ್ರ ಮರಿಗೆ ತಾಯಿ ಹುಳಾನ ತಂದು ತಿನ್ನಸೋದು. ನರ್ಸರ್‍ಯಾಗ ಲಗೂನ ಬೆಳೀತೈತ್ರಿ ಅಂತ ಕೋನೋಕಾರ್ಪಸ್ ಅನ್ನೋ ಪರದೇಶಿ ಗಿಡ ಕೊಡಾಕ ಬಂದ್ರ ಬ್ಯಾಡ ಅನ್ರಿ, ಬೇರು ಪೈಪು ಗಟಾರ ಹೊಕ್ಕು ಹಾಳ ಮಾಡ್ತಾವ ಅಂತ ಗುಜರಾತ್‌ದಾಗ 2023ರಾಗ ಬಂದ್ ಮಾಡ್ಯಾರ.

ನೀರಿನ ಮಾತು. 800 ಚದರ ಫೂಟ ಛತ್ತು, ವರ್ಷಕ್ಕ 600 ಮಿಮೀ ಮಳಿ ಅಂತ ಹಿಡೀರಿ, ಸೋರಿ ಆರಿ ಹೋಗಿದ್ದು ಬಿಟ್ಟು 35 ಸಾವಿರ ಲೀಟರ್ ಸಿಗ್ತೈತಿ. ಈ ಊರು ಆಳಿದ ಆದಿಲಶಾಹಿ ಸುಲ್ತಾನರು 1620ರಾಗ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿ, 1651ರಾಗ ಬೇಗಂ ತಲಾಬ್ ಅನ್ನೋ ಕೆರಿ ಕಟ್ಟಿಸಿದ್ದು ಇದ ಬರದ ನೆಲದಾಗ, ನಾವು ಛತ್ತಿನ ನೀರು ಗಟಾರಕ್ಕ ಬಿಡ್ತೀವಿ. ಮೊದ್ಲನೇ ಮಳಿ ಹೋಗಾಕ ಬಿಡ್ರಿ, ಆಮ್ಯಾಲ ಟಾಕಿಗೆ ತಿರಗಸ್ರಿ. ಮಳಿ ನೀರು ನೆಲಕ್ಕ ಇಳಸಾಕ ಇಂಗು ಗುಂಡಿ ತೋಡೋರು ಒಂದು ಲಕ್ಷ್ಯ ಇಡ್ರಿ, ನಮ್ಮದು ಎರಿ ಮಣ್ಣು, ಅಂದ್ರ ಕರಿ ಮಣ್ಣು, ನೀರು ಕುಡದ್ರ ಉಬ್ಬತೈತಿ ಆರಿದ್ರ ಬಿರಿತೈತಿ. ನಾ ಗ್ವಾಡಿಯಿಂದ 4 ಫೂಟ್ನಾಗ ತೋಡ್ಸಿ ಅಡಗಿ ಮನಿ ಗ್ವಾಡಿ ಬಿರುಕು ಬಿಡಸ್ಕೊಂಡೀನಿ. ಪಾಯಕ್ಕ ಎರಿ ತಗದು ಗರಸು ತುಂಬಿಸಿ, ಗುಂಡಿ ಸೈಟಿನ ಆ ಕಡೆ ಮೂಲಿಗೆ ಒಯ್ರಿ, ಜಾಗ ಇಲ್ಲಂದ್ರ ಗುಂಡಿ ಬಿಟ್ಟು ಟಾಕಿ ಅಷ್ಟ ಮಾಡ್ರಿ.

ಹಕ್ಕಿಗೆ ನೀರು ಇಡೋದಾದ್ರ ಎರಡ ಇಂಚು ಆಳದ ಮಣ್ಣಿನ ತಾಟು, ನಡುವ ಒಂದು ಕಲ್ಲು, ಬೆಕ್ಕು ಹಾರದ ಎತ್ತರ. ದಿನಾ ಬ್ಯಾಡಂದ್ರ ಎರಡ ದಿನಕ್ಕೊಮ್ಮೆ ಆದ್ರೂ ತಿಕ್ಕಿ ನೀರು ಬದಲಸ್ರಿ. ಸೊಳ್ಳಿ ತತ್ತಿ ಇಟ್ಟು ಹಾರಾಕ ಒಂದ್ ವಾರದ ಮ್ಯಾಲ ಬೇಕು, ಅಷ್ಟೊತ್ತು ನೀವ್ ಬಿಡೂದಿಲ್ಲಲ್ಲ, ಸೊಳ್ಳಿ ಆಗ್ತಾವ ಅನ್ನೋರಿಗೆ ಇದನ್ನ ಹೇಳ್ರಿ.

ಹಾಂ, ಗುಬ್ಬಿ ಗೂಡಿನ ಹಲಗಿ ಸ್ಕ್ರೂದಾಗ ಇರಲಿ ಅಂದಿದ್ದು ಯಾಕಂದ್ರ, ಮರಿ ಹಾರಿ ಹೋಗಿ ತತ್ತಿ ಏನೂ ಇಲ್ಲ ಅನ್ನೋದು ಖಾತ್ರಿ ಮಾಡ್ಕೊಂಡು ವರ್ಷಕ್ಕೊಮ್ಮೆ ಬಿಚ್ಚಿ ಹಳೇ ಹುಲ್ಲು ತಗೀಬೇಕು, ಇಲ್ಲಂದ್ರ ಉಣ್ಣಿ ಹೇನು ಆಗ್ತಾವ. ಪೊಳ್ಳು ಒಂದಿನ ಗಾಳಿಗೆ ಬಿಟ್ಟು ಮತ್ತ ಹಲಗಿ ಕೂಡಸ್ರಿ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿಂದ ಹಾಕ್ರಿ, ನಮ್ಮದು ಒಂದ ಮಳಿಗಾಲಕ್ಕ ಜಂಗು ಹಿಡದು ಕಡೀಕ ಹಲಗೀನ ಒಡೀಬೇಕಾತು.