ಕೀಮೋ ಔಷಧಿ ಮತ್ತು ಮೀನಿನ ಭ್ರೂಣ: ಎಂಟನೇ ಗಂಟೆವರೆಗೆ ಕಾಯಿರಿ

ಕೀಮೋ ಔಷಧಿ ಎಳೆ ಭ್ರೂಣಕ್ಕೆ ಏನು ಮಾಡುತ್ತೆ ಅಂತ ಮೈಸೂರಿನ ನಮ್ಮ ಲ್ಯಾಬಿನಲ್ಲಿ ಝೀಬ್ರಾ ಮೀನಿನ ಮೊಟ್ಟೆಗಳಲ್ಲಿ ನೋಡುತ್ತೇನೆ. ಹೊಸಬರಿಗೆ ನನ್ನ ಮೊದಲ ಮಾತು: ಎಷ್ಟು ಹಾಕಿದಿರಿ ಅನ್ನುವಷ್ಟೇ, ಯಾವಾಗ ಹಾಕಿ ಯಾವಾಗ ನೋಡಿದಿರಿ ಅನ್ನುವುದೂ ಮುಖ್ಯ.

ಈ ಮೀನು ಮೊಟ್ಟೆ ಇಡುವುದು ಬೆಳಕಾದ ಕೂಡಲೇ. ಹಿಂದಿನ ಸಂಜೆಯೇ ಗಂಡು ಹೆಣ್ಣನ್ನು ಒಂದೇ ತೊಟ್ಟಿಗೆ ಬಿಟ್ಟು ನಡುವೆ ತಡೆ ಇಡುತ್ತೇನೆ. ಬೆಳಗ್ಗೆ ತಡೆ ತೆಗೆದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಮೊಟ್ಟೆ ಸಿಗುತ್ತವೆ. ಅವು 28.5 ಡಿಗ್ರಿಯಲ್ಲಿರಬೇಕು. ಡಿಸೆಂಬರಿನ ಮೈಸೂರು ಚಳಿಯಲ್ಲಿ ಡಿಶ್ಶನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟರೆ ಬೆಳವಣಿಗೆ ನಿಧಾನ ಆಗುತ್ತೆ. ಅದಕ್ಕೇ ನಾನು ಗಡಿಯಾರಕ್ಕಿಂತ ಜೀವಕೋಶಗಳ ಎಣಿಕೆಯನ್ನೇ ಜಾಸ್ತಿ ನಂಬುತ್ತೇನೆ. ಮೊಟ್ಟೆ ಫಲಿತವಾದ ಮುಕ್ಕಾಲು ಗಂಟೆಗೆ ಎರಡು ಕೋಶ, ಆಮೇಲೆ ಸುಮಾರು ಕಾಲು ಗಂಟೆಗೊಮ್ಮೆ ದುಪ್ಪಟ್ಟು.

ನಾನು ಹೆಚ್ಚು ಬಳಸುವುದು ಕ್ಯಾಂಪ್ಟೊಥೆಸಿನ್. ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲೂ ಸಿಗುವ ವಸ್ತು ಇದು. ಟೊಪೊಟೆಕಾನ್, ಇರಿನೊಟೆಕಾನ್ ಅನ್ನುವ ಕೀಮೋ ಔಷಧಿಗಳು ಬಂದದ್ದು ಇದರಿಂದಲೇ. ಡಿಎನ್‌ಎ ನಕಲಾಗುವಾಗ ಎಳೆ ತುಂಡಾಗುವಂತೆ ಮಾಡುತ್ತೆ. ಶುರುವಿನಲ್ಲೇ ಹಾಕಿದರೂ ಭ್ರೂಣದ ಕೋಶಗಳು ಒಂದು ಎರಡಾಗುತ್ತಲೇ ಹೋಗುತ್ತವೆ. ಒಬ್ಬ ವಿದ್ಯಾರ್ಥಿನಿ ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, "ಮೇಡಂ, ಔಷಧಿ ಹಾಳಾಗಿದೆ ಅನ್ಸುತ್ತೆ, ಏನೂ ಆಗ್ತಿಲ್ಲ" ಅಂದಳು. "ಇರಮ್ಮ, ಎಂಟು ಗಂಟೆ ಆಗ್ಲಿ" ಅಂದೆ. ಮೊದಲ ಮೂರು ಗಂಟೆ ಭ್ರೂಣ ನಡೆಯುವುದು ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಬುತ್ತಿಯ ಮೇಲೆ. ಪೆಟ್ಟು ಬಿದ್ದ ಕೋಶವನ್ನು ಗುರುತಿಸಿ ಸಾಯಿಸುವ ವ್ಯವಸ್ಥೆ ಆಗಿನ್ನೂ ಎದ್ದಿರುವುದಿಲ್ಲ. ಎಂಟನೇ ಗಂಟೆ ಹೊತ್ತಿಗೆ ಸಾಯುವ ಕೋಶಗಳನ್ನು ಹೊಳೆಯುವಂತೆ ಮಾಡುವ ಆ್ಯಕ್ರಿಡಿನ್ ಆರೆಂಜ್ ಬಣ್ಣ ಹಾಕಿ ನೋಡಿದೆವು. ಭ್ರೂಣದ ತುಂಬ ಹಸಿರು ಚುಕ್ಕೆಗಳು, ಸಾಯುತ್ತಿರುವ ಕೋಶಗಳು. ಪಕ್ಕದ ಡಿಶ್ಶಿನಲ್ಲಿ ಔಷಧಿ ಇಲ್ಲದೆ ಅದನ್ನು ಕರಗಿಸುವ ದ್ರವ ಡಿಎಂಎಸ್‌ಓ ಮಾತ್ರ ಅಷ್ಟೇ ಪ್ರಮಾಣದಲ್ಲಿ ಇತ್ತು, ಅವು ಚೆನ್ನಾಗಿದ್ದವು. ಈ ಹೋಲಿಕೆ ಇಲ್ಲದಿದ್ದರೆ ಆ ಚುಕ್ಕೆಗಳಿಗೆ ಬೆಲೆಯೇ ಇಲ್ಲ.

ಎಲ್ಲ ಔಷಧಿಗೂ ಇದೇ ಲೆಕ್ಕ ಹಾಕಬೇಡಿ. ಸೈಕ್ಲೋಫಾಸ್ಫಮೈಡ್ ಅನ್ನುವ ಇನ್ನೊಂದು ಕೀಮೋ ಔಷಧಿ ನಮ್ಮ ದೇಹದಲ್ಲಿ ಯಕೃತ್ತು ಬದಲಾಯಿಸಿದ ಮೇಲೇ ಕೆಲಸ ಮಾಡುತ್ತೆ. ಯಕೃತ್ತೇ ಮೂಡದ ಭ್ರೂಣದಲ್ಲಿ ಏನೂ ಕಾಣಲಿಲ್ಲ ಅಂತ ಅದು ಸುರಕ್ಷಿತ ಅನ್ನೋಕಾಗಲ್ಲ, ಅಲ್ವಾ? ಮನುಷ್ಯರ ಭ್ರೂಣದ ಗಡಿಯಾರವೂ ಬೇರೆ. ಅದರ ಸ್ವಂತ ಜೀನುಗಳು ನಾಲ್ಕರಿಂದ ಎಂಟು ಕೋಶದ ಹಂತದಲ್ಲೇ ಜೋರಾಗಿ ಕೆಲಸ ಶುರು ಮಾಡುತ್ತವೆ. ಅಂಗಾಂಗ ಮೂಡುವ ಮೂರರಿಂದ ಎಂಟನೇ ವಾರ ಎಲ್ಲಕ್ಕಿಂತ ಸೂಕ್ಷ್ಮ.

ಇನ್ನೊಂದು. ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಗ್ಲೌಸ್ ಹಾಕಿಕೊಂಡೇ ಬಾಟಲಿಯ ಮುಚ್ಚಳ ಬಿಗಿದು, ಸೈಟೊಟಾಕ್ಸಿಕ್ (ಜೀವಕೋಶಕ್ಕೆ ವಿಷ) ಲೇಬಲ್ ಇರುವ ಹಳದಿ ಚೀಲಕ್ಕೆ ಹಾಕಿ.