12345654321: ದೊಡ್ಡ ಸಂಖ್ಯೆಯೊಂದನ್ನು ಕೈಲೆಕ್ಕದಲ್ಲೇ ಬಿಡಿಸುವ ಬಗೆ

ದೊಡ್ಡ ಪೂರ್ಣಸಂಖ್ಯೆಯೊಂದರ ಗುಣಗಳನ್ನು ಅರಿಯಬೇಕಾದರೆ ಮೊದಲು ಅದನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಬೇಕು. ಮುಖ್ಯವಾದ ಗುಣಗಳು ಬಹುಪಾಲು ಅಲ್ಲಿಂದಲೇ ಹೊರಡುತ್ತವೆ. ಇದನ್ನು ಕಲಿಯಲು 12345654321ರಷ್ಟು ಒಳ್ಳೆಯ ಸಂಖ್ಯೆ ನನಗೆ ಬೇರೆ ಸಿಕ್ಕಿಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಅಂದರೆ 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸಿದಾಗ ದೊರೆಯುವ ಉತ್ತರ ಇದೇ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದ್ದಾರೆ.

ಮೊದಲು ಸಂಖ್ಯೆಯನ್ನು ಬಾಯಿಬಿಟ್ಟು ಓದಿ: 1234 ಕೋಟಿ 56 ಲಕ್ಷ 54 ಸಾವಿರದ 321. ಬಿಡಿಸ್ಥಾನದಲ್ಲಿ 1 ಇರುವುದರಿಂದ 2 ಮತ್ತು 5ರ ಮಾತು ಇಲ್ಲಿಗೇ ಮುಗಿಯಿತು. ಅಂಕಿಗಳ ಮೊತ್ತ 36 ಆಗುವುದರಿಂದ ಸಂಖ್ಯೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ. ಆದರೆ ಆ ಭಾಗಾಕಾರವನ್ನು ಈಗಲೇ ಮಾಡಬೇಡಿ, ಮಾಡಿದರೆ ಅಂಕಿಗಳ ಹಾರ ಕಳಚಿಹೋಗುತ್ತದೆ.

ಬದಲಿಗೆ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ: 12, 345, 654, 321. ಬಲಗಡೆಯಿಂದ ಹೊರಟು ಒಂದು ಗುಂಪನ್ನು ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋದರೆ 321 − 654 + 345 − 12 = 0 ಎಂದು ಬರುತ್ತದೆ. ಉತ್ತರ ಸೊನ್ನೆಯಾದರೆ ಸಂಖ್ಯೆ 1001ರಿಂದ ಭಾಗವಾಗುತ್ತದೆ. 1001 ಎಂದರೆ 7 × 11 × 13 ಆದ್ದರಿಂದ ಒಂದೇ ಪರೀಕ್ಷೆಯಲ್ಲಿ ಮೂರು ಅವಿಭಾಜ್ಯಗಳು ಕೈಗೆ ಸಿಗುತ್ತವೆ. ಭಾಗಲಬ್ಧ 12333321. ಇದರ ಮೇಲೂ ಅದೇ ಪರೀಕ್ಷೆ ನಡೆಸಿದರೆ 321 − 333 + 12, ಮತ್ತೆ ಸೊನ್ನೆ. ಇನ್ನೊಮ್ಮೆ 1001ರಿಂದ ಭಾಗಿಸಿದಾಗ ಉಳಿಯುವುದು 12321. ಹನ್ನೊಂದು ಅಂಕಿಗಳು ಐದಕ್ಕೆ ಇಳಿದರೂ ಹಾರದ ರೂಪ ಕೆಟ್ಟಿಲ್ಲ ಎಂಬುದನ್ನು ಗಮನಿಸಿ. ಈಗ 9ರಿಂದ ಭಾಗಿಸಿ: 1369, ಅಂದರೆ 37ರ ವರ್ಗ.

ಹೀಗೆ ನಮ್ಮ ಸಂಖ್ಯೆ 3² × 7² × 11² × 13² × 37² ಆಯಿತು. ಎಲ್ಲ ಘಾತಗಳೂ 2 ಆಗಿರುವುದರಿಂದ ಇದು ಪರಿಪೂರ್ಣ ವರ್ಗ; ವರ್ಗಮೂಲ 3 × 7 × 11 × 13 × 37 = 111111. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದು ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ಬಳಸಬಹುದು ಅಥವಾ ಎರಡು ಬಾರಿ ಬಳಸಬಹುದು; ಆದ್ದರಿಂದ ಭಾಜಕಗಳ ಸಂಖ್ಯೆ 3 × 3 × 3 × 3 × 3 = 243. ಇನ್ನು ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯಕ್ಕೂ 1, ಅದೇ ಅವಿಭಾಜ್ಯ ಮತ್ತು ಅದರ ವರ್ಗ ಇವನ್ನು ಕೂಡಿ, ಬಂದದ್ದನ್ನೆಲ್ಲ ಗುಣಿಸಬೇಕು: 13 × 57 × 133 × 183 × 1407 = 25375524993. ಇದರಿಂದ ಮೂಲ ಸಂಖ್ಯೆಯನ್ನು ಕಳೆದರೂ 13029870672 ಉಳಿಯುತ್ತದೆ, ಅಂದರೆ ತನ್ನ ಕಿರಿಯ ಭಾಜಕಗಳ ಮೊತ್ತಕ್ಕಿಂತ ಸಂಖ್ಯೆಯೇ ಚಿಕ್ಕದು. ಬೆಸಸಂಖ್ಯೆಗಳಲ್ಲಿ ಈ ಗುಣ ವಿರಳ. 945ಕ್ಕಿಂತ ಚಿಕ್ಕದಾದ ಯಾವ ಬೆಸಸಂಖ್ಯೆಗೂ ಇದು ಇಲ್ಲ.

ಅಂಕಿಗಳು ಏರಿ ಇಳಿಯುವ ಕಾರಣವನ್ನು ಕಾಣಬೇಕಾದರೆ 111111ನ್ನು ಅದರಿಂದಲೇ ಗುಣಿಸಿ, ಆರು ಸಾಲುಗಳನ್ನು ಒಂದೊಂದು ಸ್ಥಾನ ಎಡಕ್ಕೆ ಸರಿಸಿ ಬರೆಯಿರಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ 1, ಮುಂದಿನದರಲ್ಲಿ ಎರಡು, ನಡುವಿನಲ್ಲಿ ಆರು, ಆಮೇಲೆ ಮತ್ತೆ ಇಳಿಮುಖ. ದಶಕ ಎಲ್ಲಿಯೂ ಬೀಳುವುದಿಲ್ಲ. ಒಂಬತ್ತು ಒಂದುಗಳವರೆಗೂ ಇದು ಹೀಗೆಯೇ ನಡೆಯುತ್ತದೆ; ಹತ್ತನೆಯದನ್ನು ಸೇರಿಸಿದ ಕೂಡಲೇ ನಡುವೆ ದಶಕ ಬಿದ್ದು ಹಾರ ತುಂಡಾಗುತ್ತದೆ.